ಸುರಂಗದಾಚೆಯ ಕಣಜಗಳು

ಫೆಬ್ರವರಿ 9

ಪ್ರೀತಿಯ ಅತ್ತಿಗೆ,

ಫೋನ್ ಮಾಡೋಣ ಅಂತ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಫೋನಿನಲ್ಲಿ ನೀವು "ಹೂಂ", "ಸರಿ" ಬಿಟ್ಟು ಮೂರನೇ ಮಾತು ಆಡೋದಿಲ್ಲ. ಕಾಗದ ಕಂಡರೆ ಮಾತ್ರ ನಿಮ್ಮ ಬಾಯಿ ಬಿಚ್ಚುತ್ತೆ. "ನಿಮ್ಮತ್ತಿಗೆ ಜೊತೆ ಜಗಳ ಆಡಬೇಕಾದರೂ ಅಂಚೆಚೀಟಿ ಅಂಟಿಸಬೇಕು" ಅಂತ ಅಣ್ಣ ಹೇಳ್ತಿದ್ದ.

ಮನೆ ಹಿಂದಿನ ತೋಟದಲ್ಲಿ ಈಗಲೂ ಕೋಸು ಇದೆಯಾ? ಇದ್ದರೆ ಒಂದು ಉಪಕಾರ ಮಾಡಿ. ಎಲೆ ತಿರುಗಿಸಿ ನೋಡಿದರೆ ಅಡಿಯಲ್ಲಿ ಜೀರಿಗೆ ಕಾಳಿನಷ್ಟು ಬಿಳಿ ಗೂಡುಗಳು ಅಂಟಿಕೊಂಡಿರುತ್ತವೆ. ಎಲೆ ಸಮೇತ ಕತ್ತರಿಸಿ, ತೂತು ಮಾಡಿದ ಡಬ್ಬಿಯಲ್ಲಿ ಹಾಕಿ ನನಗೆ ಕಳಿಸಿ.

ನೀವೇ ಬಗ್ಗಬೇಡಿ, ಸೊಂಟ ಹಿಡಿದುಕೊಂಡೀತು. ಬೇರೆಯವರ ಕೈಲಿ ಕೀಳಿಸೋದಾದರೆ ಅವರಿಗೆ ಇಷ್ಟು ಹೇಳಿ: ಕೋಸು ತಿನ್ನೋ ಹಸಿರು ಹುಳುವಿನ ಮೈಗೆ ಒಂದು ಪುಟ್ಟ ಕಪ್ಪು ಕಣಜ ಚುಚ್ಚಿ, ಒಳಗೆ ಮೊಟ್ಟೆ ಇಡುತ್ತೆ. ಮರಿ ಆ ಹುಳುವನ್ನು ಒಳಗಿಂದಲೇ ತಿಂದು ಬೆಳೆದು, ಹೊರಗೆ ಬಂದು ಈ ಬಿಳಿ ಗೂಡು ಕಟ್ಟಿಕೊಳ್ಳುತ್ತೆ. ಹುಳು ಸತ್ತಿತು, ಕೋಸು ಉಳಿಯಿತು, ಬೆಳೆಗಾರನಿಗೆ ವಿಷ ಹೊಡೆಯೋ ಕೆಲಸ ತಪ್ಪಿತು. ಮನುಷ್ಯರ ತಂಟೆಗೆ ಅದು ಬರೋದಿಲ್ಲ, ಭಯ ಬೇಡ.

ನಮ್ಮ ಸಾಕಣೆ ಕೇಂದ್ರದ ಕಣಜಗಳೆಲ್ಲ ನಿಮ್ಮ ಹಿತ್ತಲಿನ ಮನೆತನದವೇ ಅಲ್ಲವೇ. ನೀವಿಬ್ಬರೂ ಆ ಮನೆಗೆ ಹೋದ ಹೊಸತರಲ್ಲಿ ಅಣ್ಣ ಒಂದು ಹಿಡಿ ಗೂಡು ಕಿತ್ತು ತಂದು ಶುರುಮಾಡಿದ ಸಂಸಾರ ಇದು. ಅಲ್ಲಿಂದ ಇಲ್ಲಿಯವರೆಗೆ ಹೊರಗಿನ ಒಂದು ಹುಳವನ್ನೂ ಸೇರಿಸಿಲ್ಲ. ಈಚೆಗೆ ಗಂಡು ಜಾಸ್ತಿ, ಹೆಣ್ಣು ಕಡಿಮೆ ಹುಟ್ತಿವೆ. ಗಂಡಿಗೆ ಚುಚ್ಚೋಕೆ ಬರೋದಿಲ್ಲ, ಜೇನು ನೆಕ್ಕಿಕೊಂಡು ಹಾಯಾಗಿರುತ್ತೆ ಅಷ್ಟೆ. ದೊಡ್ಡ ತೊಂದರೆ ಏನಲ್ಲ. ಸುಮ್ಮನೆ ಒಂದು ಪರೀಕ್ಷೆಗೆ.

ನಿಮ್ಮ ನಾದಿನಿ


ಫೆಬ್ರವರಿ 17

ನಮ್ಮ ಹುಳದಮ್ಮನಿಗೆ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಒಬ್ಬರ ಕನ್ನಡಕದ ಕಡ್ಡಿಗೆ ತಿರುಪು ಹಾಕ್ತಿದ್ದೆ. ಲಕೋಟೆ ನೋಡಿ, ಅಣ್ಣನ ಸಾಮಾನು ಏನಾದರೂ ಬೇಕೇನೋ ಇವಳಿಗೆ ಅಂದುಕೊಂಡೆ. ಅವರ ಸೂಕ್ಷ್ಮದರ್ಶಕ ಕಪಾಟಿನಲ್ಲೇ ಇದೆ, ಕೇಳಿದರೆ ಕೊಡ್ತೀನಿ. ಹುಳು ಕೇಳ್ತೀಯ ಅಂತ ಎಣಿಸಿರಲಿಲ್ಲ.

ತೋಟ ಚೆನ್ನಾಗಿದೆ. ನಾನು ನೋಡಿಕೊಳ್ತಿಲ್ಲ, ಹಿತ್ತಲ ಬೇಲಿಯಾಚೆ ಮನೆಯವರು ನೋಡಿಕೊಳ್ತಾರೆ. ದಾರ ಹಿಡಿದು ಎಳೆದ ಹಾಗೆ ಸಾಲು ನೆಟ್ಟಿದ್ದಾರೆ. ನಿಮ್ಮಣ್ಣನ ಕಾಲದಲ್ಲಿ ಅದು ತೋಟವೋ ಹುಳುಗಳ ಛತ್ರವೋ ಗೊತ್ತಾಗ್ತಿರಲಿಲ್ಲ. ನೀನು ವರ್ಷವರ್ಷವೂ ಪ್ರೀತಿಯಿಂದ ಕಳಿಸೋ ಕಣಜದ ಡಬ್ಬಿಯನ್ನು ತಪ್ಪದೆ ಅಲ್ಲೇ ತೆರೆದು ಬಿಡ್ತೀನಿ. ಅದಕ್ಕೇ ಇರಬೇಕು, ಗೂಡುಗಳು ಬೇಕಾದಷ್ಟಿವೆ.

ಎಲೆಗಳನ್ನು ನಾನೇ ಕತ್ತರಿಸಿದೆ. ಸೊಂಟ ನೆಟ್ಟಗೇ ಇದೆ, ವಿಚಾರಿಸಿದ್ದಕ್ಕೆ ಸಂತೋಷ. ಡಬ್ಬಿ ಕಟ್ಟೋ ಮೊದಲೇ ಒಂದು ಗೂಡಿನ ಮುಚ್ಚಳ ತೆರೆದುಕೊಂಡಿತು. ಕಣಜ ಹೊರಬಂದು ಅಂಗಡಿಯ ಗಾಜಿನ ಮೇಜಿನ ಮೇಲೆ ಮೀಸೆ ಆಡಿಸುತ್ತಾ ನಡೀತು, ಬಂದವರ ನಾಡಿ ನೋಡೋ ವೈದ್ಯರ ಹಾಗೆ ಗಾಜನ್ನು ಮುಟ್ಟಿ ಮುಟ್ಟಿ. ನಾನು ಭೂತಗನ್ನಡಿ ಹಿಡಿದು ಕೂತುಬಿಟ್ಟೆ. ಕನ್ನಡಕಕ್ಕೆ ಬಂದಿದ್ದ ಮೇಷ್ಟರೂ ಬಗ್ಗಿ ನೋಡಿದರು. ಇಷ್ಟು ವರ್ಷ ಹುಳದವರ ಮನೆಯಲ್ಲಿ ಇದ್ದೂ ನಾನು ಒಂದನ್ನೂ ಸರಿಯಾಗಿ ನೋಡಿರಲಿಲ್ಲ.

ಅದು ಗಂಡೋ ಹೆಣ್ಣೋ? ಗೊತ್ತಾಗೋದು ಹೇಗೆ?

ಅತ್ತಿಗೆ


ಫೆಬ್ರವರಿ 26

ಪ್ರೀತಿಯ ಅತ್ತಿಗೆ,

ಡಬ್ಬಿ ತಲುಪಿತು. ಎಲೆ ಬಾಡಿತ್ತು, ಗೂಡು ಒಂದೂ ಕೆಟ್ಟಿರಲಿಲ್ಲ. ನಮ್ಮಲ್ಲಿ ವಂಶವಾಹಿ ಪರೀಕ್ಷೆ ಮಾಡುವವಳೊಬ್ಬಳಿದ್ದಾಳೆ. ಮೈಯೂ ಮಾತೂ ಎರಡೂ ಚೂಪು, ನಾವು ಅವಳನ್ನು ಸೂಜಿ ಅಂತಲೇ ಕರೆಯೋದು. "ಪೊಟ್ಟಣ ಕಟ್ಟೋದನ್ನ ನಿಮ್ಮತ್ತಿಗೆ ಹತ್ರ ನಮ್ಮ ಹುಡುಗರು ಕಲಿಯಬೇಕು" ಅಂದಳು.

ಮೀಸೆ ಉದ್ದ ಇದ್ದರೆ ಗಂಡು, ಗಿಡ್ಡ ಇದ್ದರೆ ಹೆಣ್ಣು. ಹೊಟ್ಟೆಯ ತುದಿಯಲ್ಲಿ ಚುಚ್ಚುಮುಳ್ಳು ಕಂಡರೆ ಅನುಮಾನವೇ ಬೇಡ.

ನಿಮಗೆ ಒಂದು ವಿಚಿತ್ರ ಹೇಳ್ತೀನಿ. ಈ ಕಣಜಗಳಲ್ಲಿ ಗಂಡಿಗೆ ಅಪ್ಪ ಇರೋದಿಲ್ಲ. ತಾಯಿ ಗಂಡಿನ ಸಂಗವಿಲ್ಲದೆ ಇಟ್ಟ ಮೊಟ್ಟೆಯೂ ಒಡೆದು ಮರಿಯಾಗುತ್ತೆ, ಅದು ಗಂಡು. ಅಪ್ಪ ಅಮ್ಮ ಇಬ್ಬರೂ ಇರೋದು ಹೆಣ್ಣಿಗೆ. ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡೋಕೆ ಅದರ ಮೈಯಲ್ಲಿ ಒಂದು ಜಾಗ ಇದೆ ಅಂದುಕೊಳ್ಳಿ. ಅಪ್ಪ ಕೊಟ್ಟದ್ದೂ ಅಮ್ಮ ಕೊಟ್ಟದ್ದೂ ಅಲ್ಲಿ ಬೇರೆ ಬೇರೆ ಇದ್ದರೆ ಹೆಣ್ಣು ಹುಟ್ಟುತ್ತೆ. ಒಳಗೊಳಗೇ ಕೊಟ್ಟು ತಂದು ಇಬ್ಬರ ಹತ್ತಿರವೂ ಒಂದೇ ಥರದ್ದು ಉಳಿದಿದ್ದರೆ, ಹೆಣ್ಣಾಗಬೇಕಾದದ್ದು ಗಂಡಾಗಿಬಿಡುತ್ತೆ. ಅಪ್ಪ ಇರುವ ಗಂಡು. ನೋಡೋಕೆ ಲಕ್ಷಣವಾಗಿರುತ್ತೆ, ಸಂಸಾರಕ್ಕೆ ಬರೋದಿಲ್ಲ. ನಮ್ಮ ಪಂಜರಗಳಲ್ಲಿ ತುಂಬಿರೋದು ಇಂಥವೇ ಅಂತ ಸೂಜಿಯ ಅನುಮಾನ. ನಿಮ್ಮ ತೋಟದವು ಹೊರಗೆ ಗಾಳಿ ಬಿಸಿಲು ಕಂಡಿವೆ, ಬೇರೆ ಕಣಜಗಳ ಜೊತೆ ಬೆರೆತಿರುತ್ತವೆ. ಅವನ್ನು ನಮ್ಮವಕ್ಕೆ ಜೋಡಿಸಿ ನೋಡ್ತೀವಿ.

ತೋಟದ ಕೆಲಸದವರಿಗೆ ನನ್ನ ಕಡೆಯಿಂದ ಒಂದು ಜೊತೆ ರಬ್ಬರ್ ಬೂಟು ಕಳಿಸಿದ್ದೀನಿ. ಕೆಸರಿನಲ್ಲಿ ನಿಂತು ದುಡಿಯೋ ಜನ, ಪಾಪ. ಅಳತೆ ಅಂದಾಜಿನದು.

ನಿಮ್ಮ ನಾದಿನಿ


ಮಾರ್ಚ್ 8

ಹುಳದಮ್ಮನಿಗೆ,

ಬೂಟು ಬಂತು. ಅಳತೆ ಸರಿಯಾಗಿದೆ. ಅವರು ಹಾಕಿಕೊಂಡು ಅಂಗಳದಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆದು ತೋರಿಸಿದರು. ಅವರು ಕೆಲಸದವರಲ್ಲ, ಮಾರಾಯ್ತಿ. ರೈಲ್ವೆಯಲ್ಲಿ ಸೇತುವೆ ಪರೀಕ್ಷಕರಾಗಿದ್ದು ನಿವೃತ್ತರಾದವರು. "ಇರಲಿ ಬಿಡಿ, ನಿವೃತ್ತಿ ದಿನ ಕೊಟ್ಟ ಶಾಲಿಗಿಂತ ಇದು ಉಪಯೋಗದ್ದು" ಅಂದರು. ನಾನೂ ಬಿಟ್ಟೆ.

ಅಪ್ಪನಿಲ್ಲದ ಗಂಡಿನ ವಿಷಯ ಅವರಿಗೂ ಓದಿ ಹೇಳಿದೆ. ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು. ಗಂಡಿಗೆ ಅಪ್ಪ ಇಲ್ಲ, ಆದರೆ ತಾಯಿಯ ಅಪ್ಪ ಇದ್ದೇ ಇರ್ತಾನೆ. ಹಾಗಾದರೆ ಅಪ್ಪ ಇಲ್ಲದವನಿಗೂ ಅಜ್ಜ ಇದ್ದಾನೆ ಅಲ್ಲವೇ? ನಾನು ಕಾಗದದ ಮೇಲೆ ಗೀಟು ಹಾಕಿ ನೋಡಿದೆ. ಹೌದು ಅನ್ನಿಸ್ತು. ಸರಿಯಾ?

ಇನ್ನೊಂದು. ನಿನ್ನ ಮೊದಲ ಕಾಗದದಲ್ಲಿ "ದೊಡ್ಡ ತೊಂದರೆ ಏನಲ್ಲ" ಅಂತ ಇತ್ತು. ನೀನು ಚಿಕ್ಕವಳಿದ್ದಾಗ ಜ್ವರ ಬಂದರೂ ಹಾಗೇ ಹೇಳ್ತಿದ್ದೆಯಂತೆ, ನಿಮ್ಮಣ್ಣ ಹೇಳ್ತಿದ್ದರು. ತೊಂದರೆ ಎಷ್ಟು ದೊಡ್ಡದು?

ಅತ್ತಿಗೆ


ಮಾರ್ಚ್ 29

ಅತ್ತಿಗೆ,

ಅಜ್ಜನ ಲೆಕ್ಕ ಸರಿ. ಸೂಜಿಗೆ ಹೇಳಿದೆ, "ಸೇತುವೆಯವರನ್ನ ಇಲ್ಲಿಗೆ ಕರೆಸಿ" ಅಂದಳು. ಅವರಿಗೆ ನನ್ನ ಕ್ಷಮೆ ತಿಳಿಸಿ. ಕೆಲಸದವರು ಅಂದುಕೊಂಡು ಬೂಟು ಕಳಿಸಿದ್ದು ನೆನೆದರೆ ಕಿವಿ ಬಿಸಿಯಾಗುತ್ತೆ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂದರೆ, ಒಳ್ಳೆ ಸುದ್ದಿಗೆ ಕಾಯ್ತಿದ್ದೆ. ಬರಲಿಲ್ಲ. ನಿಮ್ಮ ತೋಟದ ಕಣಜಗಳನ್ನು ನಮ್ಮವಕ್ಕೆ ಜೋಡಿಸಿದೆವು. ಮತ್ತೆ ಗಂಡು, ಬರೀ ಗಂಡು. ಸೂಜಿ ಎರಡು ಕಡೆಯವುಗಳ ವಂಶವಾಹಿ ಪಕ್ಕಪಕ್ಕ ಇಟ್ಟು ನೋಡಿ ನನ್ನನ್ನು ಕರೆದಳು. "ಮೇಡಂ, ನಿಮ್ಮತ್ತಿಗೆ ಮನೆ ಕಣಜ ಯಾವುದು, ನಮ್ಮದು ಯಾವುದು, ನೀವೇ ಹೇಳಿ." ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. "ಅಲ್ಲಿಗೆ ನಾವು ಕಣಜ ಏನಾದರೂ ಬಿಟ್ಟಿದ್ದೀವಾ?" ಅಂತ ಕೇಳಿದಳು. ಆಗ ಹೊಳೀತು. ವರ್ಷವರ್ಷ ಡಬ್ಬಿ ಕಳಿಸಿದವಳು ನಾನೇ. ಸುತ್ತ ಬೆಟ್ಟ, ನಡುವೆ ನಿಮ್ಮ ಒಂದು ತೋಟ. ನಾನು ಕಳಿಸಿದವು ಅಲ್ಲಿದ್ದವನ್ನು ಮುಳುಗಿಸಿ, ಅವೇ ತುಂಬಿಕೊಂಡಿವೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮ್ಮ ಪಾಲಿಗೆ ಅಕ್ಷರಕ್ಕೆ ಅಕ್ಷರ ನಿಜವಾಯ್ತು.

ತೊಂದರೆ ಎಷ್ಟು ದೊಡ್ಡದು ಅಂತ ಕೇಳಿದ್ದಿರಿ. ಬೆಳೆಗಾರರ ಸಂಘದವರು ಬಂದಿದ್ದರು. ಹೋದ ಬೆಳೆಗೆ ನಾವು ಕೊಟ್ಟ ಕಣಜ ಕೆಲಸ ಮಾಡಿಲ್ಲ, ಕೋಸು ಜರಡಿಯ ಹಾಗೆ ತೂತಾಗಿದೆ. ಮಳೆಗಾಲದ ನಾಟಿಗೆ ಒಳ್ಳೆ ಕಣಜ ಕೊಡದಿದ್ದರೆ ಅವರು ಮತ್ತೆ ವಿಷಕ್ಕೆ ಹೋಗ್ತಾರೆ, ನಮ್ಮ ನಿರ್ದೇಶಕರು ಸಾಕಣೆ ಕೋಣೆಗೆ ಬೀಗ ಹಾಕ್ತಾರೆ. ಹುಳು ಬೆಳೆಸೋ ಸಾಸಿವೆ ಮೊಳಕೆಯ ತಟ್ಟೆಗಳು, ಕೈ ತೂರಿಸೋಕೆ ತೋಳು ಹೊಲಿದ ಬಟ್ಟೆಯ ಪಂಜರಗಳು, ಅಣ್ಣ ಕೈಯಾರೆ ಜೋಡಿಸಿದ ದೀಪದ ಕಪಾಟುಗಳು, ಎಲ್ಲ ಹೋಗಿ ಅಲ್ಲಿ ಹಳೇ ಕುರ್ಚಿ ತುಂಬಿಸ್ತಾರಂತೆ.

ಬೇರೆ ಊರಿನ ಕೇಂದ್ರದಿಂದ ತರಿಸೋಣ ಅಂದರೆ, ಅವರಿಗೂ ಮೊದಲ ಕಣಜ ಹೋಗಿದ್ದು ನಮ್ಮಿಂದಲೇ. ನಾವು ಯಾವತ್ತೂ ಕಣಜ ಬಿಡದ ಜಾಗ, ಆದರೆ ಕೋಸಿನ ಬಳಗದ ಯಾವುದಾದರೂ ಗಿಡ ತಾನಾಗಿ ಬೆಳೆಯೋ ಜಾಗ ಬೇಕು. ನಿಮ್ಮ ಕಡೆ ಅಂಥದ್ದು ಇದೆಯಾ? ಕಾಡುಸಾಸಿವೆ ಇದ್ದರೂ ಆಗುತ್ತೆ.

ನಾದಿನಿ


ಏಪ್ರಿಲ್ 10

ಹುಳದಮ್ಮನಿಗೆ,

ಈ ಕಾಗದದ ಜೊತೆ ಮೂರು ಡಬ್ಬಿ ಬರ್ತಿದೆ. ಮೊದಲು ಅದನ್ನು ತೆರೆದು ಆಮೇಲೆ ಓದು.

ಕಾಡುಸಾಸಿವೆ ಅಂದ ಕೂಡಲೇ ಸೇತುವೆಯವರು, "ಸುರಂಗದ ಆಚೆ" ಅಂದರು. ಬೆಟ್ಟದ ಹೊಟ್ಟೆಯಲ್ಲಿ ಹಳೇ ರೈಲು ದಾರಿ ಇದೆ. ರೈಲು ನಿಂತು ಬಹಳ ಕಾಲವಾಯ್ತು, ಹಳಿಯನ್ನೂ ಕಿತ್ತುಕೊಂಡು ಹೋಗಿದ್ದಾರೆ. ಬರೀ ಜಲ್ಲಿಕಲ್ಲು. ಆ ಕಡೆ ಹೊಲವಿಲ್ಲ, ಮನೆಯಿಲ್ಲ. ಅಂಗಡಿಗೆ ಬಾಗಿಲು ಹಾಕಿ ಇಬ್ಬರೂ ಹೊರಟೆವು. ಸುರಂಗದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನಿನ್ನ ಬೂಟು ಅಲ್ಲಿ ಕೆಲಸಕ್ಕೆ ಬಂತು, ನನ್ನ ಚಪ್ಪಲಿ ಬರಲಿಲ್ಲ.

ಸುರಂಗ ದಾಟಿದರೆ ಇಳಿಜಾರಿನ ತುಂಬ ಹಳದಿ. ಸಾಸಿವೆ ತಾನೇ ಬಿದ್ದು ತಾನೇ ಎದ್ದು ಬೆಳೆದಿದೆ. ಹಿಂದೆ ಸರಕು ಗಾಡಿಯಿಂದ ಕಾಳು ಚೆಲ್ಲಿ ಹುಟ್ಟಿರಬೇಕು ಅಂತ ಇವರು ಹೇಳಿದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆವು, ಒಂದು ಗೂಡೂ ಇಲ್ಲ. ಸಾಕಾಗಿ ಕಲ್ಲಿನ ಮೇಲೆ ಕೂತೆ. ಇವರು ಮಾತ್ರ ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಅಲ್ಲಾಡಲಿಲ್ಲ.

"ಏನು ಮಾಡ್ತಿದ್ದೀರಿ?" ಅಂದೆ.

"ತಿಂದ ಎಲೆ ಇದೆ, ತಿನ್ನೋನು ಕಾಣಿಸ್ತಿಲ್ಲ. ಸೇತುವೆಯಲ್ಲೂ ಹೀಗೇ, ಬಿರುಕು ಹುಡುಕಿದರೆ ಸಿಗಲ್ಲ, ಅದು ತೋರಿಸಿಕೊಳ್ಳೋವರೆಗೆ ಕಾಯಬೇಕು."

ಕಾದೆವು. ಒಂದು ಕಣಜ ಬಂತು, ತಿಂದ ಎಲೆಯ ತೂತಿನ ಅಂಚನ್ನೇ ಮೀಸೆಯಿಂದ ತಟ್ಟುತ್ತಾ ಹೋಯ್ತು. ಅದು ಹೋದ ಕಡೆ ನಾವು ಕಣ್ಣು ಹಾಯಿಸಿದೆವು. ಎಲೆಯ ನಡುನರದ ಮಡಿಕೆಯಲ್ಲಿ ಹುಳು, ಅದರ ಹಿಂದೆ ಗೂಡು. ನಾವು ಕೋಸಿನ ಹಾಗೆ ಎಲೆಯ ಬಯಲಲ್ಲಿ ಹುಡುಕ್ತಿದ್ದೆವು. ಇಲ್ಲಿಯವು ಮಡಿಕೆಯಲ್ಲಿ ಬಚ್ಚಿಟ್ಟುಕೊಳ್ತವೆ. ಜಾಗ ಗೊತ್ತಾದ ಮೇಲೆ ಕಂಡಲ್ಲೆಲ್ಲ ಅವೇ. ಬೆಳಕು ಇಳಿಯೋವರೆಗೆ ಕಿತ್ತೆವು.

ಇವು ನಮ್ಮ ತೋಟದವಕ್ಕಿಂತ ಒಂದಿಷ್ಟು ಕಪ್ಪು. ಕಾಲು ಕಂದು. ಬೇರೆ ಜಾತಿಯೋ ಏನೋ, ನೀವೇ ನೋಡಿ.

ಅತ್ತಿಗೆ


ಏಪ್ರಿಲ್ 24

ಪ್ರೀತಿಯ ಅತ್ತಿಗೆ,

ಜಾತಿ ಒಂದೇ. ಮನೆತನ ಬೇರೆ. ಸೂಜಿ ಯಂತ್ರದ ಮುಂದಿಂದ ಎದ್ದು ಬಂದು, ನನ್ನ ಮೇಜಿನ ಮೇಲೆ ಕಾಫಿ ಇಟ್ಟು ಹೋದಳು. ಅವಳು ಯಾರಿಗೂ ಕಾಫಿ ತಂದುಕೊಟ್ಟವಳಲ್ಲ. ಹಿಂದೆಯೇ ಹೋಗಿ ನೋಡಿದೆ. ನಮ್ಮವುಗಳಲ್ಲಿ ಗಂಡೋ ಹೆಣ್ಣೋ ತೀರ್ಮಾನಿಸೋ ಆ ಒಂದು ಜಾಗದಲ್ಲಿ ಉಳಿದಿರೋದು ಎರಡೇ ಬಗೆ. ಸುರಂಗದ ಆಚೆಯವುಗಳಲ್ಲಿ ನೋಡಿದಷ್ಟೂ ಹೊಸ ಹೊಸ ಬಗೆ. ಯಾರೂ ಸಾಕದೆ, ಯಾರೂ ಡಬ್ಬಿಯಲ್ಲಿ ಕಳಿಸದೆ ಬೆಳೆದದ್ದಕ್ಕೇ ಇಷ್ಟು ಬಗೆ ಉಳಿದಿವೆ.

ರೋಗ ಏನಾದರೂ ತಂದಿರಬಹುದು ಅಂತ ಹೊಸಬರನ್ನು ಈಗ ಬೇರೆ ಕೋಣೆಯಲ್ಲಿ ಇಟ್ಟಿದ್ದೀವಿ. ಆಮೇಲೆ ಜೋಡಿಸಬೇಕು. ಒಪ್ಪಿಕೊಳ್ತವೋ ಇಲ್ಲವೋ ಗೊತ್ತಿಲ್ಲ. ನಮ್ಮ ಹೆಣ್ಣುಗಳು ಪಂಜರ ಬಿಟ್ಟು ಬೇರೆ ಲೋಕ ಕಂಡಿಲ್ಲ, ಅವು ಗಾಳಿಗೆ ಬೆಳೆದವು.

ಒಂದು ಮಾತು ಕೇಳಲಾ? ಹೋದ ಕಾಗದದಲ್ಲಿ "ಹೊರಟೆವು", "ಹುಡುಕಿದೆವು", "ಕಾದೆವು", "ಕಿತ್ತೆವು" ಅಂತ ಇತ್ತು. "ಸೇತುವೆಯವರು" ಅಂತ ಶುರುವಾದದ್ದು ಸುರಂಗ ದಾಟೋ ಹೊತ್ತಿಗೆ "ಇವರು" ಆಗಿತ್ತು. ನೀವು ಅಣ್ಣನಿಗೆ ಮಾತ್ರ "ಇವರು" ಅಂತಿದ್ದಿರಿ.

ನಾನು ಮೂಗು ತೂರಿಸ್ತಿದ್ದೀನಿ ಅನ್ನಿಸಿದರೆ ಉತ್ತರ ಬೇಡ.

ನಿಮ್ಮ ನಾದಿನಿ


ಮೇ 3

ನಾದಿನಿಗೆ,

ಹುಳುವಿನ ಮೀಸೆ ಅಳೆದು ಅಳೆದು ನಿನ್ನ ಕಣ್ಣು ಬಹಳ ಸೂಕ್ಷ್ಮವಾಗಿದೆ. ಆ ಕಾಗದ ಬರೆದಾಗ ನನಗೇ ಅದು ಕಂಡಿರಲಿಲ್ಲ.

ನೇರವಾಗಿ ಹೇಳ್ತೀನಿ. ಡಬ್ಬಿಗಳನ್ನು ಕಳಿಸಿದ ಮೇಲೆ ಇನ್ನೊಮ್ಮೆ ಅಲ್ಲಿಗೆ ಹೋಗಿದ್ದೆವು. ದಾರಿಯಲ್ಲಿ ಒಂದು ಕಬ್ಬಿಣದ ಸೇತುವೆ ಇದೆ. ಇವರು ಹಳೇ ಅಭ್ಯಾಸದಂತೆ ಜೇಬಿನಿಂದ ಪುಟ್ಟ ಸುತ್ತಿಗೆ ತೆಗೆದು, ಮೊಳೆಗಳನ್ನು ತಟ್ಟಿ ತಟ್ಟಿ ಕಿವಿಗೊಟ್ಟರು.

"ಗಟ್ಟಿ ಇದೆ" ಅಂದರು.

"ಇನ್ನು ಯಾರು ಓಡಾಡ್ತಾರೆ ಇದರ ಮೇಲೆ" ಅಂದೆ.

"ನಾವು ಓಡಾಡ್ತಿದ್ದೀವಲ್ಲ."

ಸ್ವಲ್ಪ ದೂರ ನಡೆದ ಮೇಲೆ, ಮುಂದೆ ನೋಡಿಕೊಂಡೇ ಹೇಳಿದರು, "ಒಂದೇ ಮನೆಯಲ್ಲಿ ಇದ್ದರೆ ದಿನಾ ಬೇಲಿ ದಾಟೋ ಕೆಲಸ ತಪ್ಪುತ್ತೆ. ಈಗಲೇ ಹೇಳಬೇಕು ಅಂತಿಲ್ಲ. ಬರೆದುಕೊಟ್ಟರೂ ಆದೀತು."

ನಾನು ಕಾಗದದಲ್ಲಿ ಮಾತ್ರ ಮಾತಾಡ್ತೀನಿ ಅನ್ನೋದನ್ನು ನಿಮ್ಮಣ್ಣನ ನಂತರ ಕಂಡುಹಿಡಿದವರು ಇವರೊಬ್ಬರೇ. ಮನೆಗೆ ಬಂದು ಬರೆದುಕೊಟ್ಟೆ. ಆಗಲಿ ಅಂತ. ಜೂನ್ ಕೊನೆಗೆ ರಿಜಿಸ್ಟರ್ ಆಫೀಸಿನಲ್ಲಿ ಮದುವೆ.

ನಿಮ್ಮಣ್ಣನನ್ನು ನಾನು ಮರೆತಿಲ್ಲ. ಇವರೂ ತೀರಿಹೋದ ತಮ್ಮ ಹೆಂಡತಿಯನ್ನು ಮರೆತಿಲ್ಲ. ಆ ಕಪಾಟು, ಆ ಸೂಕ್ಷ್ಮದರ್ಶಕ ಎಲ್ಲಿದೆಯೋ ಅಲ್ಲೇ ಇರುತ್ತೆ. ಹೊಸ ರಕ್ತ, ಹಳೇ ರಕ್ತ ಅಂತ ನನ್ನನ್ನು ನಿನ್ನ ಪಂಜರಕ್ಕೆ ಹೋಲಿಸೋಕೆ ಮಾತ್ರ ಹೋಗಬೇಡ, ಬೈತೀನಿ.

ನನ್ನದು ಒಂದೇ ಅಳುಕು. ನಿಮ್ಮಣ್ಣನ ಹೆಂಡತಿ ಅಂತ ನಾನು ನಿನಗೆ ಅತ್ತಿಗೆ. ಅಲ್ಲಿ ಸಹಿ ಹಾಕಿದ ಮೇಲೆ ನಾನು ನಿನಗೆ ಏನಾಗ್ತೀನಿ? ನನ್ನನ್ನು ಅತ್ತಿಗೆ ಅನ್ನೋರು ಈ ಲೋಕದಲ್ಲಿ ನೀನೊಬ್ಬಳೇ.

ಅತ್ತಿಗೆ


ಮೇ 30

ಇದು ಕಣಜಗಳ ವಿಷಯಕ್ಕೆ ಬರೆದ ಕಾಗದ. ಬೇರೆ ಏನಕ್ಕೂ ಉತ್ತರ ಕೇಳ್ತಿಲ್ಲ.

ಸುರಂಗದ ಆಚೆ ಸಾಸಿವೆ ಒಣಗ್ತಾ ಬಂದಿದೆ. ಮಳೆ ಬಿದ್ದರೆ ಆ ದಾರಿಯಲ್ಲಿ ಹೋಗೋಕಾಗೋದಿಲ್ಲ. ನಿಮಗೆ ಕಡಿಮೆ ಬಿದ್ದೀತು ಅಂತ ಇನ್ನೆರಡು ಡಬ್ಬಿ ಕಳಿಸಿದ್ದೀವಿ. ನೆರಳಿನಲ್ಲಿ ಇಡಿ.

ಗಂಡು ಹುಟ್ಟಿದವೋ ಹೆಣ್ಣು ಹುಟ್ಟಿದವೋ, ಅಷ್ಟನ್ನು ಸೂಜಿಯ ಕೈಲಾದರೂ ಒಂದು ಸಾಲು ಬರೆಸು. ಇಲ್ಲಿ ಇಬ್ಬರು ಕಾಯ್ತಿದ್ದೀವಿ.


ಜೂನ್ 9

ಪ್ರೀತಿಯ ಅತ್ತಿಗೆ,

ಹೆಣ್ಣು ಹುಟ್ಟಿವೆ.

ಎರಡನೇ ತಲೆಮಾರೂ ಆಯ್ತು. ಅದರಲ್ಲೂ ಹೆಣ್ಣು. ನಿನ್ನೆ ಹೊಸ ಕಣಜಗಳನ್ನು ಹುಳುಗಳ ತಟ್ಟೆಗೆ ಬಿಟ್ಟಾಗ ಸೂಜಿಯೂ ನಾನೂ ಪಂಜರಕ್ಕೆ ಮೂಗು ತಾಗಿಸಿ ನಿಂತಿದ್ದೆವು. ಹಳೆಯವು ಎಲೆಯ ಮೇಲೆ ಅಡ್ಡಾಡಿ ಸುಸ್ತಾಗಿ ಕೂರ್ತಿದ್ದವು. ಇವು ನೀವು ಬರೆದಿದ್ದ ಹಾಗೇ, ತಿಂದ ತೂತಿನ ಅಂಚು ಹಿಡಿದು ಹೋಗಿ ಮಡಿಕೆಯಲ್ಲಿದ್ದ ಹುಳುವನ್ನು ಹುಡುಕಿ ಚುಚ್ಚಿದವು. ಸಂಘದವರು ಬಂದು ನೋಡಿಹೋದರು. ಮಳೆಗಾಲದ ನಾಟಿಗೆ ಮೊದಲ ಕಂತು ಕೊಡ್ತಿದ್ದೀವಿ. ಕುರ್ಚಿಗಳು ಬೇರೆ ಕೋಣೆ ನೋಡಿಕೊಳ್ಳಬೇಕು. ಇನ್ನು ಮೇಲೆ ಆಗಾಗ ಹೊರಗಿನಿಂದ ತಂದು ಬೆರೆಸೋದು ಅಂತ ನಿರ್ಧಾರ ಆಯ್ತು. ನಿಮ್ಮ ತೋಟಕ್ಕೆ ಡಬ್ಬಿ ಕಳಿಸೋದನ್ನು ನಿಲ್ಲಿಸ್ತೀನಿ, ಸುರಂಗದ ಆಚೆಯವು ತಾವಾಗಿ ಈಚೆ ಬರ್ತವೋ ನೋಡೋಣ.

ಇಷ್ಟು ದಿನ ಸುಮ್ಮನಿದ್ದದ್ದು ಕೋಪಕ್ಕಲ್ಲ. ನಿಮ್ಮ ಕಾಗದ ಓದಿದ ದಿನ ಸಾಕಣೆ ಕೋಣೆಗೆ ಹೋಗಿ, ಅಣ್ಣನ ಕಣಜಗಳದ್ದೇ ಒಂದು ಪಂಜರವನ್ನು ಬೆರೆಸದೆ ಬೇರೆ ಇಟ್ಟೆ. ಇದೊಂದು ಹೀಗೇ ಇರಲಿ ಅಂತ. ಸೂಜಿ ನೋಡಿದಳು. "ಇದು ನಿಲ್ಲಲ್ಲ ಮೇಡಂ" ಅಂದಳು. "ಗೊತ್ತು" ಅಂದೆ. ಆದರೂ ಅವಳು ಅದಕ್ಕೂ ದಿನಾ ಜೇನು ಸವರಿದಳು. ಕೊನೆಗೆ ಹುಟ್ಟಿದವೆಲ್ಲ ಗಂಡೇ. ಹೋದ ವಾರ ಆ ಪಂಜರ ಖಾಲಿಯಾಯ್ತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ. ಅಣ್ಣ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಆಗ ಮಾಡೋ ಕೆಲಸ ಬಹಳ ಇತ್ತು. ಸೂಜಿ ಕರವಸ್ತ್ರ ಕೊಟ್ಟು, ಪಕ್ಕದ ಪಂಜರ ತೋರಿಸಿ, "ಇವುಗಳಲ್ಲಿ ಅರ್ಧ ನಿಮ್ಮಣ್ಣನವರದೇ ಇದೆ, ನಾನೇ ನೋಡಿದ್ದೀನಿ" ಅಂದಳು. ಅವಳ ಬಾಯಲ್ಲಿ ಅಷ್ಟು ಮೆತ್ತನೆ ಮಾತು ಬಂದದ್ದು ಅದೇ ಮೊದಲು.

ಹೋಲಿಕೆ ಮಾಡಬೇಡ ಅಂದಿದ್ದೀರಿ, ಮಾಡ್ತಿಲ್ಲ. ಆದದ್ದು ಹೇಳಿದೆ.

ಈಗ ನಿಮ್ಮ ಪ್ರಶ್ನೆ. ನೀವು ನನಗೆ ಅತ್ತಿಗೆ. ಅದು ಅಣ್ಣ ಕೊಟ್ಟು ಹೋದ ಸಂಬಂಧ, ಯಾವ ಆಫೀಸಿನ ಸಹಿಯೂ ಅದನ್ನು ಮುಟ್ಟೋದಿಲ್ಲ. ಕಷ್ಟ ಇರೋದು ಅವರನ್ನು ಏನಂತ ಕರೆಯೋದು ಅನ್ನೋದರಲ್ಲಿ. ಬಹಳ ತಲೆ ಕೆಡಿಸಿಕೊಂಡೆ. ಭಾವ ಅನ್ನೋ ಹಾಗಿಲ್ಲ, ಮಾವ ಅನ್ನೋ ಹಾಗಿಲ್ಲ. ಅತ್ತಿಗೆಯ ಗಂಡನಿಗೆ ನಮ್ಮಲ್ಲಿ ಇರೋದು ಒಂದೇ ಪದ. ಆ ಪದವನ್ನು ನಾನು ಇನ್ನೊಬ್ಬರಿಗೆ ಯಾವತ್ತೂ ಆಡಿಲ್ಲ.

ನಾನೂ ಸೂಜಿಯೂ ಹಿಂದಿನ ದಿನವೇ ಬರ್ತೀವಿ. ಸಾಕ್ಷಿ ಸಹಿಗೆ ಜನ ಬೇಕಲ್ಲ. ಮೊದಲು ಸುರಂಗದ ಆಚೆಗೆ ಕರೆದುಕೊಂಡು ಹೋಗೋಕೆ ಅವರಿಗೆ ಹೇಳಿ, ಮಳೆ ಇದ್ದರೂ ಸರಿ. ಒಂದಿಷ್ಟು ದೂರ ಜೊತೆಯಲ್ಲಿ ನಡೆದರೆ ಅವರನ್ನು ಏನಾದರೂ ಒಂದು ಕರೆಯಲೇಬೇಕಾಗುತ್ತೆ. ಆಗ ನನ್ನ ಬಾಯಿಗೆ ಏನು ಬರುತ್ತೋ, ಅದಕ್ಕೆ ಅವರು ಓಗೊಡಲಿ.

ನಿಮ್ಮ
ನಾದಿನಿ